ಗೋಡೆಯ ಪಂಚಾಂಗದಿಂದಲೇ ಹಿಜ್ರಿ ತಾರೀಖು ಕಂಡುಕೊಳ್ಳುವುದು ಹೇಗೆ?

ಮುಂಬಯಿಯ ಕನ್ನಡ ಸಂಘಗಳಲ್ಲಿ ವಾರ್ಷಿಕೋತ್ಸವಕ್ಕೆ ಸಭಾಗೃಹ ಗೊತ್ತುಮಾಡುವವರು, ಹೋಟೆಲುಗಳಲ್ಲಿ ಕೆಲಸಗಾರರ ರಜೆಯ ಪಟ್ಟಿ ಬರೆಯುವವರು, ಮೊಹರಂಗೆಂದು ಯಾದಗಿರಿ, ರಾಯಚೂರು ಕಡೆಯ ಊರುಗಳಿಗೆ ಹೊರಡುವವರು, ರಮಜಾನ್ ತಿಂಗಳಿಗೆ ಮಂಗಳೂರಿನಿಂದ ತಾಯಿಯನ್ನು ಕರೆಸಿಕೊಳ್ಳುವವರು, ಎಲ್ಲರೂ ವರ್ಷಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆ ಒಂದೇ: ಈ ಸಲ ಹಬ್ಬ ಯಾವತ್ತು? ಉತ್ತರಕ್ಕಾಗಿ ಮೊಬೈಲನ್ನು ನೋಡಿದರೆ ಒಂದು ತಾರೀಖು, ಸರಕಾರದ ರಜೆಯ ಪಟ್ಟಿಯಲ್ಲಿ ಇನ್ನೊಂದು, ಊರಿನಿಂದ ಬಂದ ಫೋನಿನಲ್ಲಿ ಮತ್ತೊಂದು ಸಿಗುವುದುಂಟು. ಇದರಿಂದ ಇಸ್ಲಾಮೀ ಕಾಲಗಣನೆಯೇ ಗೊಂದಲದ್ದು ಎಂಬ ಭಾವನೆ ಹಲವರಲ್ಲಿದೆ. ವಾಸ್ತವದಲ್ಲಿ ಅಮಾವಾಸ್ಯೆ, ಪಾಡ್ಯ, ಬಿದಿಗೆಗಳನ್ನು ಬಲ್ಲ ಯಾವ ಕನ್ನಡಿಗನೂ ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರಿನಿಂದಲೇ ಹಿಜ್ರಿ ತಾರೀಖನ್ನು ಒಂದು ದಿನದ ಅಂತರದೊಳಗೆ ಲೆಕ್ಕ ಹಾಕಬಹುದು. ಆ ಒಂದು ದಿನದ ಅನಿಶ್ಚಯವು ಯಾವ ವರ್ಷ ಎದುರಾಗುತ್ತದೆ, ಯಾವ ವರ್ಷ ಎದುರಾಗುವುದಿಲ್ಲ ಎಂಬುದನ್ನೂ ಬಹುಮಟ್ಟಿಗೆ ಮೊದಲೇ ತಿಳಿಯಬಹುದು.

ಮೊದಲು ವರ್ಷದ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊಹರಂ, ಸಫರ್, ರಬೀವುಲ್ ಅವ್ವಲ್, ರಬೀವುಲ್ ಆಖಿರ್, ಜಮಾದಿಲ್ ಅವ್ವಲ್, ಜಮಾದಿಲ್ ಆಖಿರ್, ರಜಬ್, ಶಾಬಾನ್, ರಮಜಾನ್, ಶವ್ವಾಲ್, ಜುಲ್‌ಕಅದ್, ಜುಲ್‌ಹಜ್ಜ್ ಎಂಬ ಹನ್ನೆರಡು ತಿಂಗಳುಗಳಲ್ಲಿ ಪ್ರತಿಯೊಂದಕ್ಕೂ 29 ಅಥವಾ 30 ದಿನ. 28 ಅಥವಾ 31 ಎಂಬುದು ಎಂದಿಗೂ ಇಲ್ಲ. ವರ್ಷಕ್ಕೆ 354 ಅಥವಾ 355 ದಿನಗಳಾಗುವುದರಿಂದ ಪ್ರತಿ ಹಬ್ಬವೂ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಏಪ್ರಿಲ್ 11ರಂದು ಬಂದ ರಮಜಾನ್ ಈದ್ 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಹೀಗೆ ಹಿಂದೆ ಸರಿಯುತ್ತ 2030ರಲ್ಲಿ ರಮಜಾನ್ ತಿಂಗಳು ಜನವರಿಯ ಮೊದಲ ವಾರದಲ್ಲೊಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲಿ ಮತ್ತೊಮ್ಮೆ ಆರಂಭವಾಗಲಿದೆ. ಇಸವಿಯ ವಿಷಯದಲ್ಲಿ ಸುಲಭದ ಸೂತ್ರವೊಂದಿದೆ. ಪ್ರವಾದಿ ಮುಹಮ್ಮದರು ಮಕ್ಕಾದಿಂದ ಮದೀನಾಕ್ಕೆ ವಲಸೆ ಹೋದ ಕ್ರಿ.ಶ. 622ರಿಂದ ಈ ಗಣನೆ ಆರಂಭವಾಗುತ್ತದೆ. ಹಿಜ್ರಿಯ 33 ವರ್ಷ ನಮ್ಮ 32 ವರ್ಷಗಳಿಗೆ ಸಮ. ಆದ್ದರಿಂದ ಹಿಜ್ರಿ ವರ್ಷವನ್ನು 32ರಿಂದ ಗುಣಿಸಿ, 33ರಿಂದ ಭಾಗಿಸಿ, 622 ಕೂಡಿಸಿದರೆ ಇಸವಿ ದೊರೆಯುತ್ತದೆ. 1447ಕ್ಕೆ ಹಾಗೆ ಮಾಡಿ ನೋಡಿದರೆ 2025 ಬರುತ್ತದೆ, ಮತ್ತು 1447 ಆರಂಭವಾದದ್ದು 2025ರ ಜೂನ್ ಕೊನೆಯಲ್ಲೇ.

ಬಿದಿಗೆಯನ್ನು ಹಿಡಿಯುವುದು

ಇನ್ನು ಮುಖ್ಯ ಕೆಲಸ. ಕನ್ನಡಿಗರೂ ಮರಾಠಿಗರೂ ಅನುಸರಿಸುವುದು ಅಮಾಂತ ಪದ್ಧತಿ, ಅಂದರೆ ತಿಂಗಳು ಅಮಾವಾಸ್ಯೆಗೆ ಮುಗಿದು ಶುದ್ಧ ಪಾಡ್ಯದಂದು ಹೊಸದು ಹುಟ್ಟುತ್ತದೆ. ಹಿಜ್ರಿ ತಿಂಗಳು ಅಮಾವಾಸ್ಯೆಯ ನಂತರ ಪಡುವಣದಲ್ಲಿ ಚಂದ್ರರೇಖೆ ಕಣ್ಣಿಗೆ ಕಂಡ ಸಂಜೆ ಹುಟ್ಟುತ್ತದೆ. ಎರಡರ ನಡುವಿನ ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಗಣಿತ ಹೇಳಿದ ಕೂಡಲೇ ತಿಂಗಳು, ಅವರಲ್ಲಿ ಕಣ್ಣು ಹೇಳಿದ ಮೇಲೆ ತಿಂಗಳು. ಯುಗಾದಿಯಲ್ಲಿ ಚಂದ್ರದರ್ಶನಕ್ಕಾಗಿ ಮಾಳಿಗೆ ಹತ್ತಿ ನಿಂತವರಿಗೆ ಈ ಕಾಯುವಿಕೆಯನ್ನು ವಿವರಿಸಬೇಕಾಗಿಲ್ಲ.

ಒಂದು ತಿಥಿ ಎಂದರೆ ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಬೇಕಾದ ಕಾಲ. ಸೂರ್ಯನಿಂದ ಸುಮಾರು 7 ಡಿಗ್ರಿಗಿಂತ ಹತ್ತಿರವಿರುವ ಚಂದ್ರನಲ್ಲಿ ಬೆಳಕಿನ ಗೆರೆ ಮೂಡುವುದೇ ಇಲ್ಲ. ಬರಿಗಣ್ಣಿಗೆ ಕಾಣಬೇಕಾದರೆ ಹತ್ತು ಹನ್ನೆರಡು ಡಿಗ್ರಿಯಾದರೂ ಬೇಕು. ಪಾಡ್ಯ ಮುಗಿದು ಬಿದಿಗೆ ಕಾಲಿಡುವ ಹೊತ್ತು ಅದೇ. ಆದುದರಿಂದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ಗುರುತು ಹಾಕಿಕೊಂಡು, ಅಲ್ಲಿಂದ ಮುಂದಿನ ಸೂರ್ಯಾಸ್ತಗಳವರೆಗೆ ಎಷ್ಟು ಗಂಟೆಯಾಗುತ್ತದೆ ಎಂದು ಎಣಿಸಬೇಕು. ಮುಂಬಯಿಯಲ್ಲಿ ಸೂರ್ಯಾಸ್ತವು ನವೆಂಬರ್ ಕೊನೆಯಲ್ಲಿ ಸಂಜೆ 6ರ ಆಸುಪಾಸಿನಲ್ಲೂ ಜುಲೈ ಆರಂಭದಲ್ಲಿ 7:20ರ ಆಸುಪಾಸಿನಲ್ಲೂ ಆಗುತ್ತದೆ. ಅಮಾವಾಸ್ಯೆ ಮುಗಿದಂದಿನಿಂದ ಸೂರ್ಯಾಸ್ತದವರೆಗಿನ ಅಂತರ 24 ಗಂಟೆಗೆ ಮಿಕ್ಕಿದ್ದರೆ, ಆಕಾಶ ತಿಳಿಯಾಗಿದ್ದಲ್ಲಿ, ಚಂದ್ರ ಕಾಣುವುದು ಹೆಚ್ಚುಕಡಿಮೆ ಖಚಿತ. 15 ಗಂಟೆಗಿಂತ ಕಡಿಮೆಯಿದ್ದರೆ ಕಾಣುವ ಆಸೆಯನ್ನು ಬಿಡಬಹುದು. ಇವೆರಡರ ನಡುವೆ ಬಿದ್ದ ವರ್ಷ ಮಾತ್ರ ನಿಜವಾದ ಅನಿಶ್ಚಯದ ವರ್ಷ. ಚಂದ್ರ ಕಂಡ ಸಂಜೆಯ ಮರುದಿನದ ಹಗಲು ಹೊಸ ತಿಂಗಳ 1ನೆಯ ತಾರೀಖು.

ಎರಡು ವರ್ಷಗಳ ರಮಜಾನ್ ಈದನ್ನು ಇಟ್ಟುಕೊಂಡು ಈ ನಿಯಮವನ್ನು ಪರೀಕ್ಷಿಸಬಹುದು. 2025ರಲ್ಲಿ ಅಮಾವಾಸ್ಯೆ ಮಾರ್ಚ್ 29ರ ಸಂಜೆ ನಾಲ್ಕೂವರೆಯ ಸುಮಾರಿಗೆ ಮುಗಿಯಿತು. ಮರುದಿನ ಯುಗಾದಿ, ಅಂದು ಸೂರ್ಯಾಸ್ತದ ಹೊತ್ತಿಗೆ 26 ಗಂಟೆ ದಾಟಿತ್ತು. ಚಂದ್ರ ಕಂಡಿತು, 29 ರೋಜಾಗಳಿಗೇ, ಅಂದರೆ ಉಪವಾಸಗಳಿಗೇ, ರಮಜಾನ್ ಮುಗಿಯಿತು, ಮಾರ್ಚ್ 31ರಂದು ಈದ್ ಆಯಿತು. 2024ರಲ್ಲಿ ಅಮಾವಾಸ್ಯೆ ಏಪ್ರಿಲ್ 8ರ ರಾತ್ರಿ 11:50ರ ಸುಮಾರಿಗೆ ಮುಗಿಯಿತು. ಉತ್ತರ ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣವಾದ ಅಮಾವಾಸ್ಯೆಯೇ ಅದು. ಮರುದಿನ ಯುಗಾದಿಯ ಸಂಜೆ ಚಂದ್ರನಿಗೆ ಕೇವಲ 19 ಗಂಟೆ ವಯಸ್ಸು. ನಡುವಿನ ವಲಯದಲ್ಲಿ ಬಿದ್ದ ಅಂಥ ಸಂಜೆ ಏನಾಗಬೇಕೋ ಅದೇ ಆಯಿತು: ಕೇರಳದಲ್ಲಿ ಚಂದ್ರದರ್ಶನವಾಯಿತೆಂದು ಘೋಷಿಸಿ ಅಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಏಪ್ರಿಲ್ 10ರಂದು ಈದ್ ಆಚರಿಸಿದರು, ಮುಂಬಯಿ, ಬೆಂಗಳೂರು ಸಹಿತ ದೇಶದ ಬಹುಭಾಗದಲ್ಲಿ 30 ರೋಜಾ ಪೂರೈಸಿ ಏಪ್ರಿಲ್ 11ರಂದು ಆಚರಿಸಿದರು.

ಈ ಗಂಟೆಯ ಲೆಕ್ಕವೂ ಬೇಡವೆನ್ನುವವರಿಗೆ ಒರಟಾದ ಸೂತ್ರವೊಂದಿದೆ. ಶುಕ್ಲಪಕ್ಷದ ಯಾವುದೇ ತಿಥಿಯಿಂದ ಒಂದು ಕಳೆದರೆ ಹಿಜ್ರಿ ತಾರೀಖು, ಕೆಲವೊಮ್ಮೆ ಎರಡು ಕಳೆಯಬೇಕಾಗುತ್ತದೆ. 10ನೆಯ ತಾರೀಖಿನ ಹಬ್ಬ ಏಕಾದಶಿಯಂದೋ ದ್ವಾದಶಿಯಂದೋ ಬೀಳುತ್ತದೆ, 12ರದು ತ್ರಯೋದಶಿ ಅಥವಾ ಚತುರ್ದಶಿಯಂದು, 1ರದು ಬಿದಿಗೆ ಅಥವಾ ತದಿಗೆಯಂದು. ಮಹಾರಾಷ್ಟ್ರದಲ್ಲಿ ವಾಸಿಸುವವರಿಗೆ ಇದರ ಸಾಕ್ಷಿ ಕಣ್ಣೆದುರಿಗೇ ಇದೆ. ಪಂಢರಪುರದ ಆಷಾಢ ಏಕಾದಶಿಯೂ ಬಕ್ರೀದೂ 2022ರಲ್ಲಿ ಜುಲೈ 10ರಂದು ಒಟ್ಟಿಗೆ ಬಂದವು, 2023ರಲ್ಲಿ ಜೂನ್ 29ರಂದು ಮತ್ತೆ ಒಟ್ಟಿಗೆ ಬಂದವು. 2024ರ ಜುಲೈ 17ರಂದು ಮತ್ತು 2025ರ ಜುಲೈ 6ರಂದು ಅದೇ ಆಷಾಢ ಏಕಾದಶಿಯ ಜೊತೆಗೆ ಮೊಹರಂ ಹತ್ತನೆಯ ದಿನ ಬಂತು. ಸತತ ನಾಲ್ಕು ವರ್ಷ ಹೀಗಾದದ್ದನ್ನು ಪತ್ರಿಕೆಗಳು ಅಪೂರ್ವ ಯೋಗವೆಂದು ಬಣ್ಣಿಸಿದರೂ, ಎರಡೂ ಕಡೆಯವರು ಒಬ್ಬನೇ ಚಂದ್ರನನ್ನು ನಂಬಿರುವುದರಿಂದ, ಅದು ಆಗಾಗ ಆಗಲೇಬೇಕಾದ ಸಂಗತಿ.

ಯಾವ ಮಾಸಕ್ಕೆ ಯಾವ ತಿಂಗಳು

ಎಚ್ಚರಿಕೆಯುಳ್ಳ ಓದುಗರು ಇಲ್ಲೊಂದು ಪ್ರಶ್ನೆ ಎತ್ತಬೇಕು: ಮೊದಲೆರಡು ವರ್ಷ ಬಕ್ರೀದ್ ಇದ್ದ ಏಕಾದಶಿಗೆ ಮುಂದಿನೆರಡು ವರ್ಷ ಮೊಹರಂ ಹೇಗೆ ಬಂತು? ಇದಕ್ಕೆ ಕಾರಣ 2023ರ ಅಧಿಕ ಶ್ರಾವಣ. ನಾವು ಚಾಂದ್ರಮಾನದ ವರ್ಷವನ್ನು ಋತುಗಳೊಂದಿಗೆ ಹೊಂದಿಸಲು ಎರಡೂವರೆ ಮೂರು ವರ್ಷಗಳಿಗೊಮ್ಮೆ ಅಧಿಕಮಾಸ ಸೇರಿಸುತ್ತೇವೆ. ಇಸ್ಲಾಮಿನಲ್ಲಿ ಹಾಗೆ ತಿಂಗಳು ಸೇರಿಸುವುದನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ. ವರ್ಷಕ್ಕೆ ಹನ್ನೆರಡೇ ತಿಂಗಳು. ನಾವು ಒಂದು ಮಾಸ ಸೇರಿಸಿದಾಗಲೆಲ್ಲ ಹಿಜ್ರಿ ತಿಂಗಳು ನಮ್ಮ ಪಟ್ಟಿಯಲ್ಲಿ ಒಂದು ಮನೆ ಹಿಂದಕ್ಕೆ ಜಾರುತ್ತದೆ. 2023ರವರೆಗೆ ಚೈತ್ರದಲ್ಲಿದ್ದ ರಮಜಾನ್ ತಿಂಗಳು 2024ರಿಂದ ಫಾಲ್ಗುಣಕ್ಕೆ ಬಂತು. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ 2027ರಲ್ಲಿ ರಮಜಾನ್ ಮಾಘಕ್ಕೆ ಜಾರುತ್ತದೆ.

ಆದಕಾರಣ ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸವೆಂದರೆ ಅದರಲ್ಲಿ ಅಧಿಕಮಾಸ ಇದೆಯೇ ಎಂದು ಹುಡುಕುವುದು. ಇಲ್ಲದಿದ್ದರೆ ಕಳೆದ ವರ್ಷದ ಜೋಡಣೆಯನ್ನೇ ಉಳಿಸಿಕೊಳ್ಳಬಹುದು. ಇದ್ದರೆ, ಆ ಅಧಿಕಮಾಸದ ನಂತರ ಬರುವ ಪ್ರತಿ ತಿಂಗಳನ್ನೂ ಒಂದು ಮಾಸ ಹಿಂದಕ್ಕೆ ಇಡಬೇಕು. ರಮಜಾನ್ ಯಾವ ಮಾಸದಲ್ಲಿದೆ ಎಂಬುದೊಂದನ್ನು ಖಚಿತ ಮಾಡಿಕೊಂಡರೆ ಉಳಿದವನ್ನು ಬೆರಳೆಣಿಸಿ ಹೇಳಬಹುದು. ಮುಂಬಯಿಯಲ್ಲಿ ಒಂದು ವಿಷಯದಲ್ಲಿ ಜಾಗ್ರತೆ ಬೇಕು. ನೆರೆಯ ಉತ್ತರ ಭಾರತದವರ ಮನೆಯ ಪಂಚಾಂಗವು ಪೂರ್ಣಿಮಾಂತ ಪದ್ಧತಿಯದಾಗಿದ್ದು, ಅದರಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ, ಈ ಲೆಕ್ಕಕ್ಕೆ ನೇರವಾಗಿ ಒಗ್ಗುವುದಿಲ್ಲ.

ಅನಿಶ್ಚಯ ಎಲ್ಲ ಹಬ್ಬಗಳಿಗೂ ಇಲ್ಲ

ಎಲ್ಲ ಮುಸ್ಲಿಂ ಹಬ್ಬಗಳೂ ಹಿಂದಿನ ರಾತ್ರಿ ತೀರ್ಮಾನವಾಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಹಿಂದಿನ ಸಂಜೆಯವರೆಗೆ ಕಾಯಬೇಕಾದದ್ದು ರಮಜಾನಿನ ಮೊದಲ ರೋಜಾಕ್ಕೆ ಮತ್ತು ಶವ್ವಾಲ್ 1ರ ಈದ್‌ಗೆ ಮಾತ್ರ. ಬಕ್ರೀದ್ ಜುಲ್‌ಹಜ್ಜ್ 10ರಂದು ಬರುವುದರಿಂದ ಅದರ ತಾರೀಖು ಒಂಬತ್ತು ಹತ್ತು ದಿನ ಮೊದಲೇ ನಿಶ್ಚಯವಾಗಿರುತ್ತದೆ. ಮೊಹರಂ 10 ಮತ್ತು ರಬೀವುಲ್ ಅವ್ವಲ್ 12ರ ಮಿಲಾದ್ (ಪ್ರವಾದಿಯವರ ಜನ್ಮದಿನ) ಕೂಡ ಹಾಗೆಯೇ. ಕಲಬುರಗಿಯ ಖ್ವಾಜಾ ಬಂದೇ ನವಾಜರ ಉರುಸು ಜುಲ್‌ಕಅದ್ 15, 16, 17ರಂದು, ಅಂದರೆ ಹುಣ್ಣಿಮೆಯ ಬೆನ್ನಿಗೆ ನಡೆಯುವುದರಿಂದ, ಅದಕ್ಕೆ ಹೋಗುವವರಿಗೆ ಎರಡು ವಾರದ ಅವಕಾಶವಿರುತ್ತದೆ. ಕುರ್ಬಾನಿಗೆ, ಅಂದರೆ ಪ್ರಾಣಿಬಲಿಗೆ, ಜುಲ್‌ಹಜ್ಜ್ 10, 11, 12 ಈ ಮೂರೂ ದಿನ ಅವಕಾಶವಿದೆ. ಬಕ್ರೀದ್ ಮತ್ತು ಆಷಾಢ ಏಕಾದಶಿ ಒಂದೇ ದಿನ ಬಂದ ವರ್ಷ ಮಹಾರಾಷ್ಟ್ರದ ಹಲವು ಊರುಗಳ ಮುಸ್ಲಿಮರು ನಮಾಜನ್ನು ಅಂದೇ ಮಾಡಿ ಕುರ್ಬಾನಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಲು ಸಾಧ್ಯವಾದದ್ದು ಈ ಅವಕಾಶದಿಂದಲೇ.

ಹಬ್ಬದ ದಿನವೂ ಸರಕಾರಿ ರಜೆಯ ದಿನವೂ ಬೇರೆಯಾಗುವ ಸಂದರ್ಭವನ್ನು ಮುಂಬಯಿಯವರು ಮಿಲಾದ್ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕು. ಭಾದ್ರಪದ ಶುದ್ಧದಲ್ಲಿ ಮಿಲಾದ್ ಬಿದ್ದಾಗ ಅದು ಗಣಪತಿ ವಿಸರ್ಜನೆಯ ಅನಂತ ಚತುರ್ದಶಿಗೆ ಅಂಟಿಕೊಂಡೇ ಬರುತ್ತದೆ. 2023ರಲ್ಲಿ ಎರಡೂ ಸೆಪ್ಟೆಂಬರ್ 28ರಂದೇ ಬಂದವು. ಭಾಯಖಳಾದ ಖಿಲಾಫತ್ ಹೌಸಿನಿಂದ ಹೊರಡುವ ಮಿಲಾದ್ ಮೆರವಣಿಗೆಯನ್ನು ಸಮುದಾಯದವರೇ ಮರುದಿನಕ್ಕೆ ಮುಂದೂಡಿದರು, ರಜೆಯೂ 29ಕ್ಕೆ ಹೋಯಿತು. 2024ರಲ್ಲಿ ಮುಂಬಯಿಯ ರಜೆ ಸೆಪ್ಟೆಂಬರ್ 16ರಿಂದ 18ಕ್ಕೆ, 2025ರಲ್ಲಿ ಸೆಪ್ಟೆಂಬರ್ 5ರಿಂದ 8ಕ್ಕೆ ಬದಲಾಯಿತು. ವರ್ಷಾರಂಭದಲ್ಲಿ ಅಚ್ಚಾದ ಕ್ಯಾಲೆಂಡರಿನಲ್ಲಿ ಇಂಥ ಬದಲಾವಣೆ ಇರುವುದಿಲ್ಲವಾದ್ದರಿಂದ ಬ್ಯಾಂಕಿನ ಕೆಲಸ, ಶಾಲೆಯ ಪರೀಕ್ಷೆ ಮುಂತಾದವನ್ನು ಹೊಂದಿಸುವವರು ಆ ವಾರದ ಸರಕಾರಿ ಅಧಿಸೂಚನೆಯನ್ನೇ ನೋಡಬೇಕು.

ಇಷ್ಟರ ಮೇಲೆ ರಾತ್ರಿಗಳ ಲೆಕ್ಕವೊಂದಿದೆ, ಹೊರಗಿನವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಿಜ್ರಿ ದಿನವು ಸೂರ್ಯಾಸ್ತಕ್ಕೆ ಆರಂಭವಾಗುವುದರಿಂದ ರಾತ್ರಿ ಮೊದಲು, ಹಗಲು ಆಮೇಲೆ. ಶಾಬಾನ್ 15ರ ಶಬೇ ಬರಾತ್ ಎಂದರೆ 14ರ ಹಗಲು ಮುಗಿದ ರಾತ್ರಿ. ರಮಜಾನ್ 27ನೆಯ ರಾತ್ರಿ ಎಂದರೆ 26ನೆಯ ರೋಜಾ ಬಿಟ್ಟ ಸಂಜೆಯಿಂದ ಆರಂಭವಾಗುವ ರಾತ್ರಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾಯಿ ಕುಣಿಯ, ಅಂದರೆ ಮೊಹರಂನ ಬೆಂಕಿಕುಂಡದ, ಸುತ್ತ ಜನ ಸೇರುವ ಖತಲ್ ರಾತ್ರಿಯು ಮೊಹರಂ ಹತ್ತರ ಹಿಂದಿನ ರಾತ್ರಿಯೇ ಹೊರತು ರಜೆಯ ದಿನದ ರಾತ್ರಿಯಲ್ಲ. ರಜೆಯ ದಿನ ಬೆಳಗ್ಗೆ ಮುಂಬಯಿಯಿಂದ ಹೊರಟವರು ಊರು ಮುಟ್ಟುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ.

ರೈಲಿನ ಟಿಕೇಟಿಗೆ ಈ ಲೆಕ್ಕ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಅಷ್ಟು ಮೊದಲು ಯಾವ ಚಂದ್ರನೂ ಕಂಡಿರುವುದಿಲ್ಲ, ಆದರೆ ಅಮಾವಾಸ್ಯೆಯ ಗಳಿಗೆ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಮೊಹರಂಗೆ ಕಲಬುರಗಿ, ಯಾದಗಿರಿ, ರಾಯಚೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯುವವರು ಏಕಾದಶಿಯನ್ನು ಹತ್ತನೆಯ ದಿನವೆಂದು ಭಾವಿಸಿ, ಅದಕ್ಕೆ ಎರಡು ದಿನ ಮೊದಲು ಹೊರಡುವಂತೆಯೂ ದ್ವಾದಶಿ ಕಳೆದ ಮೇಲೆ ಹಿಂತಿರುಗುವಂತೆಯೂ ಟಿಕೇಟು ತೆಗೆದರೆ ಯಾವ ತೀರ್ಮಾನ ಬಂದರೂ ಹಬ್ಬ ತಪ್ಪುವುದಿಲ್ಲ. ಈದ್‌ಗೆ ಮತ್ಸ್ಯಗಂಧಾದಲ್ಲಿ ಮಂಗಳೂರಿಗೆ ಹೋಗುವವರು ಇನ್ನೂ ಒಂದು ದಿನ ಮೊದಲು ತಲುಪುವಂತೆ ನೋಡಿಕೊಳ್ಳುವುದು ಒಳ್ಳೆಯದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಸಾಮಾನ್ಯವಾಗಿ ಕೇರಳದ ಚಂದ್ರದರ್ಶನವನ್ನು ಅನುಸರಿಸುವುದರಿಂದ ಅಲ್ಲಿನ ಈದ್ ಹಲವು ಬಾರಿ ಮುಂಬಯಿಗಿಂತ ಒಂದು ದಿನ ಮೊದಲಾಗುತ್ತದೆ. ಹೀಗೆ ನಡುವೆ ಊರು ಬದಲಾಯಿಸಿದವರು ಈದನ್ನು ತಾವಿರುವ ಊರಿನವರೊಂದಿಗೇ ಆಚರಿಸಬೇಕೆಂದೂ, ಅದರಿಂದ ರೋಜಾಗಳ ಸಂಖ್ಯೆ 28ಕ್ಕೆ ಇಳಿದರೆ ಒಂದನ್ನು ಆಮೇಲೆ ಪೂರೈಸಬೇಕೆಂದೂ ಉಲೇಮಾಗಳು ಸಾಮಾನ್ಯವಾಗಿ ಹೇಳುತ್ತಾರೆ.

ಚಂದ್ರನನ್ನು ತಾವೇ ನೋಡಬಯಸುವವರಿಗೆ ಮುಂಬಯಿ ಅನುಕೂಲದ ಊರು. ಗಿರಗಾಂವ್ ಚೌಪಾಟಿ, ವರಳಿ, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್ ಎಲ್ಲಿ ನಿಂತರೂ ಪಡುವಣ ತೆರೆದೇ ಇದೆ. ಸೂರ್ಯ ಮುಳುಗಿದ ಹದಿನೈದು ಇಪ್ಪತ್ತು ನಿಮಿಷದ ಮೇಲೆ, ಅವನು ಮುಳುಗಿದ ಜಾಗದ ಮೇಲ್ಭಾಗದಲ್ಲಿ ಅಥವಾ ತುಸು ಎಡಕ್ಕೋ ಬಲಕ್ಕೋ, ಕತ್ತರಿಸಿದ ಉಗುರಿನಂಥ ಗೆರೆಯನ್ನು ಹುಡುಕಬೇಕು. ದುರ್ಬೀನು ಬಳಸುವವರು ಸೂರ್ಯ ಪೂರ್ತಿ ಮುಳುಗುವವರೆಗೆ ಅದನ್ನು ಎತ್ತಲೇಬಾರದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡ ಕವಿದಿರುವಾಗ ಈ ಪ್ರಯತ್ನ ವ್ಯರ್ಥ. ಆ ತಿಂಗಳುಗಳಲ್ಲಿ ಚಂದ್ರದರ್ಶನವನ್ನು ಘೋಷಿಸುವ ಹಿಲಾಲ್ ಕಮಿಟಿಯವರು ಬೇರೆ ಊರುಗಳಿಂದ ಬರುವ ನಂಬಲರ್ಹ ಸಾಕ್ಷಿಗಳನ್ನು ಪರಿಶೀಲಿಸಿ ತೀರ್ಮಾನಿಸುತ್ತಾರೆ. ಎಲ್ಲಿಂದಲೂ ಸಾಕ್ಷಿ ಬರದಿದ್ದರೆ ನಡೆಯುತ್ತಿರುವ ತಿಂಗಳಿಗೆ 30 ದಿನ ಪೂರೈಸುತ್ತಾರೆ. ನಿಯಮವೇ ಹಾಗಿರುವುದರಿಂದ ಅದನ್ನು ಹೊಂದಾಣಿಕೆಯ ಕೊರತೆಯೆಂದು ಟೀಕಿಸುವುದು ನನಗೆ ಸರಿಯೆನಿಸುವುದಿಲ್ಲ. ಖಗೋಳ ಗಣಿತ ಎಷ್ಟು ಮುಂದುವರಿದರೂ ಚಂದ್ರ ಎಲ್ಲಿದೆ ಎಂದು ಅದು ಹೇಳೀತೇ ಹೊರತು ಯಾರಾದರೂ ಕಂಡರೋ ಇಲ್ಲವೋ ಎಂದು ಹೇಳಲಾರದು.

ಭೇಂಡಿ ಬಜಾರಿನ ದಾವೂದಿ ಬೋಹ್ರಾ ಸಮುದಾಯದವರು ಮಾತ್ರ ಈ ಕಾಯುವಿಕೆಗೆ ಹೊರತು. ಫಾತಿಮೀ ಕಾಲದಿಂದ ಬಂದ ಕೋಷ್ಟಕದ ಪ್ರಕಾರ ಅವರಲ್ಲಿ ಬೆಸ ಸಂಖ್ಯೆಯ ತಿಂಗಳಿಗೆ 30 ದಿನ, ಸಮ ಸಂಖ್ಯೆಯದಕ್ಕೆ 29. ಮೂವತ್ತು ವರ್ಷಗಳಲ್ಲಿ ಹನ್ನೊಂದು ಬಾರಿ ಜುಲ್‌ಹಜ್ಜ್‌ಗೆ ಒಂದು ದಿನ ಹೆಚ್ಚು. ರಮಜಾನ್ ಒಂಬತ್ತನೆಯ ತಿಂಗಳಾದ್ದರಿಂದ ಅವರಿಗೆ ಪ್ರತಿ ವರ್ಷವೂ 30 ರೋಜಾ, ಮತ್ತು ಅವರ ಹಬ್ಬಗಳು ಉಳಿದವರಿಗಿಂತ ಸಾಮಾನ್ಯವಾಗಿ ಒಂದೆರಡು ದಿನ ಮೊದಲು. ಮೊಬೈಲಿನ ಹಿಜ್ರಿ ತಾರೀಖು ಹಲವು ಬಾರಿ ಸೌದಿಯ ಉಮ್ಮುಲ್ ಕುರಾ ಗಣನೆಯದಾಗಿದ್ದು ಭಾರತಕ್ಕಿಂತ ಸಾಮಾನ್ಯವಾಗಿ ಒಂದು ದಿನ ಮುಂದಿರುತ್ತದೆ. ಸೆಟ್ಟಿಂಗಿನಲ್ಲಿ ಒಂದು ದಿನ ಕಡಿಮೆ ಮಾಡುವ ಸೌಕರ್ಯವಿದ್ದರೆ ಬಳಸಿಕೊಳ್ಳಬೇಕು.

ಕೊನೆಯದಾಗಿ ರೋಜಾದ ವೇಳೆಯ ವಿಷಯ. ಊರಿನಿಂದ ಬಂದ ವೇಳಾಪಟ್ಟಿಯನ್ನು ಮುಂಬಯಿಯಲ್ಲಿ ಬಳಸುವಂತಿಲ್ಲ. ಪಶ್ಚಿಮಕ್ಕೆ ಒಂದು ರೇಖಾಂಶ ಸರಿದರೆ ಸೂರ್ಯಾಸ್ತ ನಾಲ್ಕು ನಿಮಿಷ ತಡವಾಗುವುದರಿಂದ, ಮುಂಬಯಿಯ ಇಫ್ತಾರ್ ಕಲಬುರಗಿಗಿಂತ ಸುಮಾರು 16 ನಿಮಿಷ ತಡ. ಬೆಂಗಳೂರಿಗೆ ಹೋಲಿಸಿದರೆ ಮಾರ್ಚಿನಲ್ಲಿ ಸುಮಾರು 19 ನಿಮಿಷ ತಡವಾಗುತ್ತದೆ. ಅಕ್ಷಾಂಶದ ವ್ಯತ್ಯಾಸವೂ ಸೇರುವುದರಿಂದ ಅದು ಜೂನಿನಲ್ಲಿ ಅರ್ಧ ಗಂಟೆಗೆ ಏರಿ, ಡಿಸೆಂಬರಿನಲ್ಲಿ ಹತ್ತು ನಿಮಿಷಕ್ಕೂ ಕೆಳಗೆ ಇಳಿಯುತ್ತದೆ. ಬೆಂಗಳೂರಿನ ಪಟ್ಟಿ ನೋಡಿ ಮುಂಬಯಿಯಲ್ಲಿ ರೋಜಾ ಬಿಟ್ಟರೆ ಸೂರ್ಯ ಇನ್ನೂ ಮುಳುಗಿರುವುದಿಲ್ಲ, ರೋಜಾ ಕೆಡುತ್ತದೆ. ಸಹರಿಯ, ಅಂದರೆ ಬೆಳಗಿನ ಜಾವದ ಊಟದ, ವಿಷಯದಲ್ಲಿ ಅದೇ ಪಟ್ಟಿ ಬೇಗ ನಿಲ್ಲಿಸುವಂತೆ ಹೇಳುವುದರಿಂದ ಅಷ್ಟು ಅಪಾಯವಿಲ್ಲ. ಕೊಲಾಬಾ ಮತ್ತು ಕಲ್ಯಾಣದ ನಡುವೆ ಅಂತರ ಒಂದು ನಿಮಿಷಕ್ಕೆ ತುಸು ಹೆಚ್ಚು, ಪುಣೆಗೆ ನಾಲ್ಕು ನಿಮಿಷ. ಹತ್ತಿರದ ಮಸೀದಿಯಲ್ಲಿ ಹಂಚುವ ಪಟ್ಟಿಯ ತಲೆಯ ಮೇಲೆ ಯಾವ ಊರಿನ ಹೆಸರಿದೆ ಎಂದು ಓದಿಕೊಂಡೇ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಬೇಕು.